ಅಂಗಳದ ಹಾಸು

ಚಳ್ಳಕೆರೆ
೧೨ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ಅತ್ತೆಗೆ,

ನಿಮ್ಮ ಮಂಡಿ ನೋವು ಹೇಗಿದೆ? ಮೊಳಕಾಲ್ಮೂರಿನ ಬಂಡೆಗಳು ಸಂಜೆಯವರೆಗೂ ಬೆಚ್ಚಗಿರುತ್ತವಂತೆ, ಅಲ್ಲಿ ಕಾಲು ಚಾಚಿ ಕೂತರೆ ಹಿತವಾದೀತು. ಮಗಳು ಮುದ್ದಕ್ಕನ ಮನೆಯ ರೇಷ್ಮೆ ಮಗ್ಗದ ಸದ್ದಿಗೆ ನಿದ್ದೆ ಬರುತ್ತದೆಯೇ? ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಮುದ್ದಕ್ಕನೇ ಇದನ್ನು ಓದಿ ಹೇಳಲಿ.

ಅವರು ತೀರಿಹೋಗಿ ವರ್ಷವಾಗುತ್ತಾ ಬಂತು. ಕಂಬಳಿ ಮಗ್ಗ ನಿಂತಿದೆ. ಆದರೂ ಬೆಳಗಿನ ಅರೆನಿದ್ದೆಯಲ್ಲಿ ಒಮ್ಮೊಮ್ಮೆ ಹುಣಸೆಬೀಜದ ಗಂಜಿಯ ವಾಸನೆ ಬರುತ್ತದೆ. ನಿಮ್ಮ ಮಗ ಬೀದಿಯುದ್ದಕ್ಕೂ ಕರಿ ಉಣ್ಣೆಯ ಉದ್ದನೆಯ ಎಳೆಗಳ ಹಾಸು ಬಿಗಿದು, ಅವಕ್ಕೆ ಗಂಜಿ ಹಚ್ಚುತ್ತಾ ಆ ತುದಿಗೆ ನಡೆದು ಹೋಗುತ್ತಿರುತ್ತಾರೆ. ಹಿಂದೆ ನಮ್ಮ ಪವಿತ್ರ. ಎಲ್ಲೂ ನಿಲ್ಲದ ಹುಡುಗಿ ಆ ಎಳೆಗಳ ಪಕ್ಕ ಮಾತ್ರ ನೆಟ್ಟಗೆ ನಡೆಯುತ್ತಿದ್ದಳಲ್ಲ. ಎದ್ದು ನೋಡಿದರೆ ಬೀದಿಯಲ್ಲಿ ಬಿಸಿಲು ಮಾತ್ರ.

ಅವಳಿಗಿರುವುದು ಎಡಿಎಚ್‌ಡಿ ಎಂದು ಚಿತ್ರದುರ್ಗದ ಡಾಕ್ಟರಮ್ಮ ಹೇಳಿದರು. ಹಟವಲ್ಲ, ಬೆಳೆಸಿದವರ ತಪ್ಪೂ ಅಲ್ಲ. ಗಮನ ಒಂದು ಕಡೆ ನಿಲ್ಲುವುದಿಲ್ಲ, ಮೈ ಸುಮ್ಮನಿರುವುದಿಲ್ಲ ಅಷ್ಟೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಅದೂ ಕಣ್ಣಿಗೆ ಕಾಣುವ ಹಾಗಿರಲಿ ಅಂದರು. ನನಗೆ ಆ ಹಾಸು ನೆನಪಾಯಿತು. ಈಗ ಅಂಗಳದಲ್ಲಿ ಗೋಡೆಯಿಂದ ಬೇವಿನ ಮರದವರೆಗೆ ಹಗ್ಗ ಕಟ್ಟಿದ್ದೇನೆ. ಮೊದಲು ಬ್ರಷ್ಷು, ಆಮೇಲೆ ಟವೆಲ್ಲು, ಯೂನಿಫಾರಂ, ಬಾಚಣಿಗೆ, ಆ ತುದಿಗೆ ಸ್ಕೂಲ್ ಬ್ಯಾಗು. ಒಂದೊಂದೇ ಮುಗಿಸುತ್ತಾ ನಡೆಯುತ್ತಾಳೆ. ನಡುವೆ ಅಳಿಲು ಕಂಡರೆ ಓಡುತ್ತಾಳೆ, ಮತ್ತೆ ಬಂದು ಹಗ್ಗ ಹಿಡಿಯುತ್ತಾಳೆ. ನಾನು ಕೂಗುವುದನ್ನು ಬಿಟ್ಟಿದ್ದೇನೆ. ಕೆಲವು ದಿನ ಬ್ಯಾಗು ಮುಟ್ಟುವುದರೊಳಗೆ ಸ್ಕೂಲಿನ ಗಂಟೆ ಹೊಡೆದಿರುತ್ತದೆ, ಇರಲಿ. ಪಕ್ಕದ ಮನೆಯ ಮೂಗಮ್ಮ, "ಏನವ್ವಾ ನಿರ್ಮಲಾ, ಮಗಳನ್ನೇ ನೇಯ್ತಿದೀಯಾ?" ಅಂತ ಚುಡಾಯಿಸುತ್ತಾಳೆ.

ಮೊನ್ನೆ ತಲೆ ಬಾಚಿಸಿಕೊಳ್ಳುತ್ತಾ ಅವಳಾಗಿಯೇ ಆ ದಿನದ ಮಾತು ತೆಗೆದಳು. ಅವರು ಹೋದ ಮೂರನೇ ದಿನ ಸಮಾಧಿಯ ಬಳಿ ಎಡೆ ಇಟ್ಟು ಎಲ್ಲರೂ ಉಸಿರು ಹಿಡಿದು ಕಾಗೆಗೆ ಕಾದಿದ್ದೆವು. ಅದು ಇಳಿದೊಡನೆ ಇವಳು ಓಡಿ ಹೋಗಿ ಅಟ್ಟಿದಳು. ಮತ್ತೆ ಒಂದು ಕಾಗೆಯೂ ಬರಲಿಲ್ಲ. "ನನ್ ಮಗ ಉಪಾಸ ಹೋದ. ಈ ಹುಡುಗಿ ಇರೋ ಮನ್ಯಾಗೆ ನಾನಿರಲ್ಲ" ಅಂದು ನೀವು ಮುದ್ದಕ್ಕನ ಜೊತೆ ಹೊರಟಿರಿ. ಆ ಸಂಕಟ ನನಗೂ ಇತ್ತು. ಆದರೆ ಕಾಗೆ ಯಾಕೆ ಬರಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮೊನ್ನೆ ಅವಳು ಹೇಳಿದ್ದು ಇಷ್ಟೆ: "ಅಪ್ಪನ ಮುದ್ದೆ ಅದು ತಿಂದ್ಬಿಡ್ತಿತ್ತಲ್ಲವ್ವಾ."

ಮುದ್ದಕ್ಕನಿಗೆ ನನ್ನ ನೆನಪು. ಬಿಸಿಲೇರುವ ಮುನ್ನ ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ನಿಮ್ಮ ಸೊಸೆ,
ನಿರ್ಮಲಾ

ತಾ.ಕ.: ಕವರು ಅಂಟಿಸುವ ಮೊದಲು ಇದನ್ನೂ ಬರೆಯಬೇಕು. ನಿನ್ನೆ ಸ್ಕೂಲು ಬಿಟ್ಟವಳು ಮನೆಗೆ ಬರದೆ ಮೊಳಕಾಲ್ಮೂರು ಬಸ್ಸು ಹತ್ತಿಬಿಟ್ಟಿದ್ದಳು. ಒಬ್ಬಳೇ ಇರುವುದನ್ನು ಕಂಡು ಕಂಡಕ್ಟರು ತಳಕಿನಲ್ಲಿ ಇಳಿಸಿ, ಅಂಗಡಿಯವರ ಹತ್ತಿರ ಕೂರಿಸಿ, ಬ್ಯಾಗಿನಲ್ಲಿದ್ದ ನಂಬರು ನೋಡಿ ನನಗೆ ಫೋನ್ ಮಾಡಿದರು. ಹೋಗಿ ಕರೆತಂದೆ. ಅಜ್ಜಿಗೆ ಇನ್ನೂ ಸಿಟ್ಟೈತಾ ಅಂತ ಕೇಳಿಕೊಂಡು ಬರಲು ಹೊರಟಿದ್ದಳಂತೆ. ಭಾನುವಾರ ನಾನೇ ಅವಳನ್ನು ಕರೆದುಕೊಂಡು ಬರುತ್ತೇನೆ. ಕೇಳಿದರೆ ಇಲ್ಲ ಅನ್ನಿ ಅತ್ತೆ. ಸುಳ್ಳಾದರೂ ಪರವಾಗಿಲ್ಲ.