ಗಾಳಿಕೊಳವೆಯ ಬಾಯಲ್ಲಿ ಬೆಂಕಿಕಡ್ಡಿ

ಮಂಗಳವಾರ, ನವೆಂಬರ್ ೧೨

ಇಂದು ಪ್ರಯೋಗಾಲಯದಲ್ಲಿ ನನ್ನ ಘನ ಅಧ್ಯಕ್ಷತೆಯಲ್ಲಿ ಒಂದು ಸಮಾರಂಭ ಜರುಗಿತು. ಸಭಿಕರು ಯಾರೂ ಇರಲಿಲ್ಲ.

ಪಕ್ಕದ ಮೇಜಿನ ಅಕ್ಕ ಪಿಎಚ್.ಡಿ. ಪ್ರಬಂಧ ಬರೆಯಲು ಮನೆಗೆ ಹೋಗಿ ತಿಂಗಳಾಯಿತು. ಇಂಧನ, ಗಾಳಿ ಕೊಟ್ಟರೆ ವಿದ್ಯುತ್ ಹುಟ್ಟಿಸುವ, ಅವಳ ಕೊನೆಯ ಪ್ರಯೋಗದ ಎರಡು ಫ್ಯೂಯಲ್ ಸೆಲ್‌ಗಳು ನನ್ನ ಸುಪರ್ದಿಯಲ್ಲಿವೆ. ಕುಲುಮೆಯಲ್ಲಿ ಅವು ಐನೂರು ಗಂಟೆ ಪೂರೈಸಿದವೆಂದು ಮೂರು ಬೆಂಕಿಕಡ್ಡಿ ಗೀರಿ ಜೈಕಾರ ಹಾಕಿದೆ. ಗೀರಿದ್ದು ಗಾಳಿ ಎಳೆಯುವ ಕೊಳವೆಯ ಬಾಯಲ್ಲೇ ಎಂದು ಆಮೇಲೆ ಹೊಳೆಯಿತು. ಕಡ್ಡಿಯ ಗಂಧಕದ ಹೊಗೆ ಎಲೆಕ್ಟ್ರೋಡಿಗೆ ವಿಷ. ಸೋಸದ ಬರಿಗಾಳಿ ಕುಡಿಯುವ ಸೆಲ್‌ನ ವೋಲ್ಟೇಜ್ ಕಣ್ಣೆದುರೇ ಕುಸಿಯಿತು. ಗಾಳಿಯ ದಾರಿಯಲ್ಲಿ ಗಂಧಕ ಸೋಸುವ ಬಿಲ್ಲೆ ಇದ್ದ ಸೆಲ್ ಮಾತ್ರ ಅಲುಗಲಿಲ್ಲ.

ಅಕ್ಕನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

“ಲೋ ಕೋತಿ! ಬಿಲ್ಲೆ ಇರೋದೂ ಹೋಯ್ತೇನೋ?”

“ಇಲ್ಲಕ್ಕ, ಹೊಗೇನೆಲ್ಲ ಬಿಲ್ಲೆ ಹಿಡ್ಕೊಂಡ್ಬಿಡ್ತು.”

“ಸದ್ಯ, ಬದುಕ್ದೆ! ಇನ್ನೊಂದು ಹೇಗಿದ್ರೂ ಸಾಯ್ಲಿ ಅಂತಾನೇ ಇಟ್ಟಿದ್ದು, ಬಿಲ್ಲೆ ಇಲ್ದಿದ್ರೆ ಏನಾಗುತ್ತೆ ಅಂತ ಹೋಲಿಸಿ ನೋಡಕ್ಕೆ. ಎಷ್ಟ್ ಹೊತ್ತಿಗೆ ಗೀರ್ದೆ, ಯಾಕೆ ಗೀರ್ದೆ, ಎಲ್ಲ ಲಾಗ್‌ಬುಕ್ಕಲ್ಲಿ ಬರಿ.” ಆಮೇಲೆ ಕೇಳಿದಳು: “ಯಾರ್ಯಾರಿದ್ರೋ ನೋಡಕ್ಕೆ?”

“ಯಾರೂ ಇರ್ಲಿಲ್ಲ.”

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟು ಹಾಯಾಗಿರುತ್ತಿತ್ತು. “ಊಟ ಮಾಡ್ದೇನೋ?” ಎಂದು ಮೆತ್ತಗೆ ಕೇಳಿ ಫೋನ್ ಇಟ್ಟಳು.

ಲಾಗ್‌ಬುಕ್ಕಿನಲ್ಲಿ ಸಮಯ ಬರೆದೆ. ಕಡ್ಡಿ ಮೂರು ಎಂದು ಬರೆದೆ. ಕಾರಣ ಎಂಬಲ್ಲಿ ‘ನಗಿಸಲಿಕ್ಕೆ’ ಎಂದು ಬರೆದೆ. ಯಾರನ್ನು ಎಂದು ನನಗೇ ತೋಚದೆ, ಅದನ್ನು ಹೊಡೆದುಹಾಕಿದೆ.