ಬರೆದುಕೊಟ್ಟರೆ ಮಾತ್ರ

ಮಾರ್ಚ್ ೯
ನಿಘಂಟು ಕಚೇರಿ. ಇವತ್ತಿನ ಪದ: ಕಟ್ಟುನಿಟ್ಟು. ‘ಕಟ್ಟು’ ಸುಲಭ — ಬಿಗಿಯುವುದು, ಕಟ್ಟುಪಾಡು. ‘ನಿಟ್ಟು’ ಎಲ್ಲಿಂದ ಬಂತು? ನೇರ ಎಂಬ ಅರ್ಥವೇ? ನಿಲ್ಲುವುದಕ್ಕೆ ಸಂಬಂಧವೇ? ಆಧಾರ ಸಿಗಲಿಲ್ಲ. ಚೀಟಿಯಲ್ಲಿ ಮೂಲದ ಜಾಗ ಖಾಲಿ ಬಿಟ್ಟೆ. ಜನರ ಬಾಯಲ್ಲಿ ಕೇಳಿದ್ದೆಂದು ಪಕ್ಕದ ಮೇಜಿನವರು ತಂದ ನಾಲ್ಕು ಉದಾಹರಣೆ ವಾಪಸ್ ಕಳಿಸಿದೆ. ಅಚ್ಚಾದ ಪುಟ ತೋರಿಸಿ ಅಂದೆ. ಬೆನ್ನ ಹಿಂದೆ ನನಗೆ ‘ಮೊಹರು’ ಅಂತ ಹೆಸರಿಟ್ಟಿದ್ದಾರೆ. ಇಡಲಿ.

ಮಾರ್ಚ್ ೧೧
ಅಪ್ಪನಿಗೆ ಸ್ಟ್ರೋಕ್. ಆಸ್ಪತ್ರೆ. ಎಡಗೈ ಏಳುತ್ತಿಲ್ಲ. ಮಾತು ತೊದಲು, ಬುದ್ಧಿ ಮಾತ್ರ ಚುರುಕು. ನುಂಗಿದ್ದು ಶ್ವಾಸಕೋಶಕ್ಕೆ ಇಳಿಯಬಹುದಂತೆ. ಡಾಕ್ಟರು ಮಂಚದ ಮೇಲಿನ ಗೋಡೆಗೆ ಚೀಟಿ ಅಂಟಿಸಿದರು — ಬಾಯಿಗೆ ಏನೂ ಕೊಡಬಾರದು, ನೀರು ಕೂಡ. ಡ್ರಿಪ್ ಮಾತ್ರ.

ಮಾರ್ಚ್ ೧೨, ಮಧ್ಯಾಹ್ನ ೩
ಬೆಳಿಗ್ಗೆಯಿಂದ ಹನ್ನೊಂದು ಸಲ ನೀರು ಕೇಳಿದರು. ಒದ್ದೆ ಹತ್ತಿ ತುಟಿಗೆ ಒತ್ತಿದೆ. ಅದನ್ನೇ ಚೀಪಲು ನೋಡಿದರು. ಕಿತ್ತುಕೊಂಡೆ.
ತಮ್ಮ ಜಗಳಕ್ಕೆ ಬಂದ. “ಅಕ್ಕ, ನಿಂಗೆ ಕರುಳು ಅನ್ನೋದು ಇದೆಯಾ?” ಗೋಡೆಯ ಚೀಟಿ ತೋರಿಸಿದೆ.
ಅಪ್ಪ ನಕ್ಕರು. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. ಲೇಖಕರ ಸಹಿ ಇಲ್ಲದೆ ಒಂದು ಕೊಂಬನ್ನೂ ಬದಲಿಸಿದವರಲ್ಲ.
“ಕಟ್ಟುನಿಟ್ಟಾಗಿ ಬೆಳೆಸಿದ್ದು ನಾನೇ ಅಲ್ವೇನಮ್ಮ... ಅನುಭವಿಸ್ತೀನಿ ಬಿಡು.”

ಮಾರ್ಚ್ ೧೩, ಸಂಜೆ ೫
ನರ್ಸ್ ಬಂದಳು. “ಮೇಡಂ, ನುಂಗೋ ಟೆಸ್ಟು ಪಾಸಾಗಿದೆ. ಡಾಕ್ಟ್ರು ಫೋನಲ್ಲಿ ಹೇಳಿದ್ರು, ಚಮಚದಲ್ಲಿ ಸ್ವಲ್ಪ ಸ್ವಲ್ಪ ನೀರು ಕೊಡಬಹುದಂತೆ.”
“ಬರೆದುಕೊಡಿ.”
“ಬೆಳಿಗ್ಗೆ ರೌಂಡ್ಸಿಗೆ ಬಂದಾಗ ಅವರೇ ಬರೀತಾರೆ.”
“ಹಾಗಾದ್ರೆ ಬೆಳಿಗ್ಗೆನೇ ಕೊಡ್ತೀನಿ.”
ನನ್ನ ಮುಖ ನೋಡಿದಳು, ಹೋದಳು. ಅಪ್ಪ ಎಲ್ಲ ಕೇಳಿಸಿಕೊಂಡರು. ಹತ್ತಿ ಅದ್ದುವ ನೀರಿನ ಲೋಟದ ಕಡೆ ಬೆರಳು ಎತ್ತಿದರು, ಇಳಿಸಿದರು. ಈ ಸಲ ನಗಲಿಲ್ಲ. ತಮ್ಮ ಮನೆಗೆ ಹೋಗಿದ್ದ. ಇದ್ದಿದ್ದರೆ ಕೊಟ್ಟೇಬಿಡುತ್ತಿದ್ದ. ಹೆಚ್ಚುಕಮ್ಮಿ ಆದರೆ ಯಾರು ಹೊಣೆ? ಒಂದು ರಾತ್ರಿ ತಾನೇ.

ಮಾರ್ಚ್ ೧೪
ಬೆಳಗಿನ ಜಾವ ಇನ್ನೊಂದು ಸ್ಟ್ರೋಕ್. ಹೋದರು.
ಒಂಬತ್ತಕ್ಕೆ ಡಾಕ್ಟರು ಬಂದರು. ಫೋನಿನಲ್ಲಿ ಹೇಳಿದ್ದನ್ನು ಫೈಲಿನಲ್ಲಿ ಬರೆದು ಸಹಿ ಹಾಕಿದರು. ನಿನ್ನೆ ಸಂಜೆಯಿಂದ ಚಮಚದಲ್ಲಿ ನೀರು ಕೊಡಬಹುದು. ಸ್ಪಷ್ಟವಾದ ಅಕ್ಷರ. ಎರಡು ಸಲ ಓದಿದೆ.

ಏಪ್ರಿಲ್ ೨೦
ಕಚೇರಿ. ತಮ್ಮ ಇನ್ನೂ ಮಾತು ಬಿಟ್ಟಿದ್ದಾನೆ. ಕಟ್ಟುನಿಟ್ಟಿನ ಚೀಟಿ ನನ್ನ ಮೇಜಿಗೇ ವಾಪಸ್ ಬಂದಿದೆ. ಸಂಪಾದಕರು ಹತ್ತಿರ ಬಂದು ಮೆಲ್ಲಗೆ ಹೇಳಿದರು, “ಆಡುಮಾತಿನ ಉದಾಹರಣೆ ಒಂದಾದ್ರೂ ಹಾಕಮ್ಮ. ಎಲ್ಲಾ ಅಚ್ಚಾಗಿರಲ್ಲ. ಕೆಲವನ್ನ ಬಾಯಿಮಾತಲ್ಲೇ ನಂಬಬೇಕಾಗತ್ತೆ.”
ಎದ್ದು ಬಾತ್‌ರೂಮಿಗೆ ಹೋದೆ. ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತೆ. ಬಂದು ಬರೆದೆ.
ಉದಾಹರಣೆ: “ಕಟ್ಟುನಿಟ್ಟಾಗಿ ಬೆಳೆಸಿದ್ದು ನಾನೇ.” ಹೇಳಿದವರು: ಅಪ್ಪ. ದಾಖಲಿಸಿದವಳು: ಮಗಳು. ಸಂದರ್ಭ: ಅವರು ಕೇಳಿದ್ದು ಒಂದು ಚಮಚ ನೀರು.