ಕಿಂಡಿಯ ಪಕ್ಕದ ಪುಟ್ಟ ಚಕ್ರ

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಗೂಬೆಮರಿಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಕಾರಣ ಕಾಯಿಲೆಯಲ್ಲ, ಕಸಾಲೆಯಲ್ಲ, ಸಂತೋಷ. ಈ ವಯಸ್ಸಿನಲ್ಲಿ ಸಂತೋಷ ಬಂದರೂ ಸುಧಾರಿಸಿಕೊಳ್ಳಲು ನಾಲ್ಕು ದಿನ ಬೇಕು. ಮೂವತ್ತು ದಾಟಿದವಳನ್ನು ಈಗಲೂ ಗೂಬೆಮರಿ ಎನ್ನುತ್ತೇನೆಂದು ಮೂಗು ಮುರಿಯಬೇಡ. ಊರೆಲ್ಲ ಮಲಗಿದ ಮೇಲೆ ಫೋಟೋ ತಿದ್ದುತ್ತ ಕೂರುತ್ತಿದ್ದ ಹುಡುಗಿಗೆ ನಿಮ್ಮಪ್ಪ ಇಟ್ಟ ಹೆಸರು ಅದು, ನಾನು ಬಳಸುತ್ತಿದ್ದೇನೆ ಅಷ್ಟೆ.

ಸುದ್ದಿ ಇದು: ನಾನು ಹೊಸ ಕ್ಯಾಮೆರಾ ಕೊಂಡೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕ್ಯಾಮೆರಾ ಎಂಬ ಮಾತು ಬಂದ ಕೂಡಲೇ ನೀನು "ಇರಮ್ಮಾ, ಯಾರೋ ಬಂದ್ರು" ಎಂದು ಫೋನ್ ಇಟ್ಟುಬಿಡುತ್ತೀಯ. ಐದು ವರ್ಷದಿಂದ ನಿನ್ನ ಬಾಗಿಲಿಗೆ ಬಂದವರನ್ನೆಲ್ಲ ಕೂಡಿಸಿದರೆ ನೀನಿರುವುದು ಮನೆಯೋ ಛತ್ರವೋ ಎಂದು ಅನುಮಾನ ಬರುತ್ತದೆ. ಕಾಗದವಾದರೆ ನೀನು ಮಡಿಸಿಟ್ಟರೂ ಮೇಜಿನ ಮೇಲೆ ಕಾದುಕೊಂಡಿರುತ್ತದೆ, ನನ್ನ ಹಾಗೆ.

ನೀನು ನಿನ್ನ ಕ್ಯಾಮೆರಾವನ್ನು ನನ್ನ ಕೈಗಿಟ್ಟು, ಪತ್ರಿಕೆಯಲ್ಲಿ ಬೇರೆಯವರು ತೆಗೆದ ಚಿತ್ರಗಳಿಗೆ ಅಡಿಬರಹ ಬರೆಯುವ ಕುರ್ಚಿಗೆ ಹೋದ ಮೇಲೆ ನಾನು ಅದನ್ನು ಸುಮ್ಮನೆ ಬಿಟ್ಟವಳಲ್ಲ, ಬಲ್ಲೆಯಲ್ಲ. ಮುದ್ರಣಾಲಯದಲ್ಲಿ ಜೀವಮಾನವಿಡೀ ಕರಡು ತಿದ್ದಿದವಳು ನಾನು. ತಪ್ಪು ಕಂಡರೆ ಕೈ ತುರಿಸುತ್ತದೆ. ಮುಚ್ಚಳವಿಲ್ಲದ ಚರಂಡಿ, ಕಂಬದಿಂದ ನೇತಾಡುವ ತಂತಿ, ನೀನು ಮೂರನೆಯ ತರಗತಿಯಲ್ಲಿದ್ದಾಗ "ಶೀಘ್ರದಲ್ಲೇ" ಎಂದು ಬೋರ್ಡು ಹಾಕಿಸಿಕೊಂಡು ಇಂದಿಗೂ ಶೀಘ್ರದಲ್ಲೇ ಬರುತ್ತಿರುವ ಪಾದಚಾರಿ ಸೇತುವೆ, ಎಲ್ಲದರ ಫೋಟೋ ತೆಗೆದು ದೂರು ಬರೆದೆ. ಆದರೆ ನಿನ್ನ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟರೆ ಲೋಕವೆಲ್ಲ ಹಬೆ ಹಿಡಿದ ಕಿಟಕಿಯ ಆಚೆ ಇದ್ದಂತೆ ಮಬ್ಬು. ಅದು ಪೀಂ ಎಂದಾಗ ಗುಂಡಿ ಒತ್ತುವುದು, ದೇವರ ಮೇಲೆ ಭಾರ ಹಾಕುವುದು. ಚಿತ್ರ ಮಾತ್ರ ನೆಟ್ಟಗೇ ಬರುತ್ತಿತ್ತು. ನನ್ನ ಕಣ್ಣೇ ಕೆಟ್ಟಿತೇನೋ ಎಂದು ಡಾಕ್ಟರ ಬಳಿಗೂ ಹೋದೆ. "ನಿಮ್ಮ ಕಣ್ಣಿಗೇನೂ ಆಗಿಲ್ಲ, ಕ್ಯಾಮೆರಾನ ಕರ್ಕೊಂಡು ಬನ್ನಿ" ಎಂದು ನಕ್ಕರು. ಸರಿ, ಪೊರೆ ಬಂದಿರುವುದು ಕ್ಯಾಮೆರಾಕ್ಕೇ ಎಂದು ತೀರ್ಮಾನಿಸಿ ಕಂಪನಿಗೆ ಎರಡು ಸಲ ಖಾರವಾಗಿ ಬರೆದೆ. ನಿಮ್ಮ ಅನಿಸಿಕೆ ನಮಗೆ ಅಮೂಲ್ಯ ಎಂದು ಯಾವುದೋ ಯಂತ್ರ ಉತ್ತರ ಕೊಟ್ಟಿತು.

ಕೊನೆಗೆ ನನ್ನನ್ನು ಅಂಗಡಿಗೆ ಓಡಿಸಿದ್ದು ನಗರಸಭೆಯ ಮೆಟ್ಟಿಲು. ಜನನ ಮರಣ ವಿಭಾಗಕ್ಕೆ ಹೋಗುವ ಆ ಮೆಟ್ಟಿಲಲ್ಲಿ ಬಲ್ಬು ಸತ್ತು ಎರಡು ವರ್ಷ. ಫೋಟೋ ತೆಗೆದು ದೂರಿನ ಜೊತೆ ಕೊಟ್ಟರೆ ಗುಮಾಸ್ತ ಅದನ್ನು ತಲೆಕೆಳಗು ಮಾಡಿ ನೋಡಿದ. "ಅಮ್ಮಾ, ಬರೀ ಕಪ್ಪಗಿದೆ. ಏನೂ ಕಾಣದೇ ಇರೋ ಫೋಟೋ ಮೇಲೆ ಕ್ರಮ ತಗೊಳ್ಳೋಕಾಗಲ್ಲ."

"ಕಾಣಲ್ಲ ಅನ್ನೋದೇ ನನ್ನ ದೂರಪ್ಪ!"

"ಕಾಣೋ ಹಾಗೆ ತೆಗೆದು ತನ್ನಿ, ನೋಡೋಣ" ಎಂದ. ಅದಕ್ಕೇ ಹಟ ಹಿಡಿದು ಹೋದೆ.

ಅಂಗಡಿಯಲ್ಲಿದ್ದವಳು ನಿನಗಿಂತ ಸ್ವಲ್ಪ ದೊಡ್ಡವಳು. ಹಿಂದೆ ಮದುವೆಗಳ ಫೋಟೋ ತೆಗೆಯುತ್ತಿದ್ದಳಂತೆ, ಸೊಂಟ ಹಿಡಿದ ಮೇಲೆ ಮಾರಾಟಕ್ಕೆ ನಿಂತಿದ್ದಾಳೆ. "ಈಗ ಕನ್ನಡಿ ಇರೋ ಕ್ಯಾಮೆರಾ ಯಾರೂ ಕೇಳಲ್ಲಮ್ಮಾ. ಕನ್ನಡಿ ಇಲ್ದಿರೋದು ತಗೊಳ್ಳಿ, ಹಗುರ. ಕಿಂಡಿ ಒಳಗೆ ಪುಟ್ಟ ಟೀವಿ ಇರತ್ತೆ, ಎಲ್ಲ ಅದ್ರಲ್ಲೇ ಕಾಣತ್ತೆ" ಎಂದಳು.

"ನಂಗೆ ಕನ್ನಡಿಯಿಂದ ಬರೋ ಬೆಳಕೇ ಬೇಕು ಕಣಮ್ಮ. ಬೆಳಕಿನ ಬಗ್ಗೆ ವರದಿ ಬೇಡ. ವರದಿಗಳನ್ನ ಓದೀ ಓದೀ ಸಾಕಾಗಿದೆ" ಎಂದೆ.

ಅವಳು ಗೊಳ್ಳನೆ ನಕ್ಕು, ಒಳಗಿನಿಂದ ಒಂದು ಪೆಟ್ಟಿಗೆ ತಂದಳು. ನಿನ್ನದೇ ಕಂಪನಿ, ನಿನ್ನದೇ ಜಾತಿಯ, ಕನ್ನಡಿಯಿರುವ ಡಿಜಿಟಲ್ ಎಸ್‌ಎಲ್‌ಆರ್, ಆದರೆ ಎರಡು ತಲೆಮಾರು ಮುಂದಿನದು. ನಿನ್ನ ಹಳೆಯ ಲೆನ್ಸುಗಳು ಇದಕ್ಕೂ ಕೂರುತ್ತವೆ. ಟಕ್ ಎಂದು ಕೂತಾಗ, ಏನು ಹೇಳಲಿ, ದೂರದ ಊರಿಗೆ ಹೋಗಿದ್ದವರು ಬಂದು ತಮ್ಮದೇ ಜಾಗದಲ್ಲಿ ಊಟಕ್ಕೆ ಕೂತ ಹಾಗಾಯಿತು.

ಕಿಂಡಿಗೆ ಕಣ್ಣಿಟ್ಟೆ. ಇದೂ ಮಬ್ಬು! ಸಿಟ್ಟು ನೆತ್ತಿಗೇರಿತು. "ಹೊಸದಕ್ಕೂ ಪೊರೆಯಾ?" ಎಂದು ಜಗಳಕ್ಕೆ ನಿಂತೆ. ಅವಳು ಕಿಂಡಿಯ ಪಕ್ಕದಲ್ಲಿ ಮೆಣಸಿನಕಾಳಿನಷ್ಟು ಚಿಕ್ಕ ಚಕ್ರವೊಂದನ್ನು ಉಗುರಿನಿಂದ ತಿರುಗಿಸುತ್ತ ಬಂದಳು. "ಸರಿ ಅನ್ಸಿದಾಗ ಹೇಳಿ." ಎದುರಿನ ಗೋಡೆಯ ಗಡಿಯಾರ ನನ್ನ ಕಣ್ಣೆದುರೇ ಮಂಜಿನಿಂದ ಎದ್ದು ಬಂತು. ಅದರ ಮುಳ್ಳು, ಮುಳ್ಳಿನ ನೆರಳು, ಗಾಜಿನ ಮೇಲೆ ಕೂತ ನೊಣ! ನಾನು ಅಂಗಡಿಯಲ್ಲಿ ಕೂಗಿಯೇಬಿಟ್ಟೆ. ಟ್ರೈಪಾಡು ಕೊಳ್ಳಲು ಬಂದಿದ್ದವನೊಬ್ಬ ಬೆಚ್ಚಿಬಿದ್ದ.

"ಒಬ್ಬೊಬ್ರ ಕಣ್ಣಿಗೆ ಒಂದೊಂದು ಅಳತೆ ಅಮ್ಮಾ. ಕ್ಯಾಮೆರಾ ಯಾರದೋ ಅವರ ಕಣ್ಣಿಗೆ ಹೊಂದಿಸ್ಕೋಬೇಕು" ಎಂದಳು.

ಅಂದಿನಿಂದ ಮನೆಯಲ್ಲಿ ಸಂಭ್ರಮ ಕೇಳಬೇಡ. ಹಳೆಯದರ ಸದ್ದು ಬಾಗಿಲು ಬಡಿದ ಹಾಗೆ ಕಟಕ್ ಎನ್ನುತ್ತಿತ್ತು. ಇದರದ್ದು ಯಾರೋ ತುಟಿ ಬಿಚ್ಚಿ ಏನೋ ಹೇಳಹೊರಟು ಸುಮ್ಮನಾದಷ್ಟೇ. ಗುಂಡಿ ಒತ್ತಿ ಹಿಡಿದರೆ ಮಷೀನಿನ ಹೊಲಿಗೆಯಂತೆ ಸಾಲಾಗಿ ಫೋಟೋ ಬೀಳುತ್ತವೆ. ನಿಮ್ಮಪ್ಪ ಹೊಲಿಗೆ ಯಂತ್ರದ ಮುಂದೆ ಆಕಳಿಸಿದ್ದನ್ನು ಬಾಯಿ ತೆರೆಯುವುದರಿಂದ ಮುಚ್ಚುವವರೆಗೆ ಪೂರ್ತಿ ಹಿಡಿದಿದ್ದೇನೆ, ಮಧ್ಯದಲ್ಲೊಂದು ಕಡೆ ಹಲ್ಲಿನ ಸೆಟ್ಟು ಜಾರುವುದೂ ಇದೆ. "ಅದನ್ನ ಯಾರಿಗಾದ್ರೂ ತೋರ್ಸಿದ್ರೆ ನಿನ್ನ ರವಿಕೆಗೆಲ್ಲ ಎಡಗೈ ಒಂದ್ ಬೆರಳು ಉದ್ದ ಹೊಲೀತೀನಿ" ಎಂದು ಹೆದರಿಸಿದ್ದಾರೆ.

ಸಿಟ್ಟು ಬರಿಸುವ ಸಂಗತಿಗಳೂ ಇವೆ. ಕೈಪಿಡಿ ಎಂದು ಕೊಟ್ಟಿರುವುದು ಬಸ್ ಟಿಕೆಟಿನಂಥ ಒಂದು ಚೀಟಿ, ಮಿಕ್ಕದ್ದೆಲ್ಲ ಇಂಟರ್‌ನೆಟ್ಟಿನಲ್ಲಿ ಓದಿಕೊಳ್ಳಬೇಕಂತೆ. ಬ್ಯಾಟರಿಯಿಂದ ದೂರವಿರಿ ಎಂಬ ಎಚ್ಚರಿಕೆ ಮಾತ್ರ ಹತ್ತಾರು ಭಾಷೆಗಳಲ್ಲಿದೆ, ನಮ್ಮದೊಂದರಲ್ಲಿ ಇಲ್ಲ. ನಮ್ಮವರು ಸುಟ್ಟುಕೊಂಡರೆ ಪರವಾಗಿಲ್ಲವೇನೋ! ಪತ್ರ ಹೋಗಿದೆ.

ಮೆಟ್ಟಿಲಿನ ಕಥೆ ಕೇಳು. ಅದೇ ಕತ್ತಲು, ಫ್ಲ್ಯಾಶಿಲ್ಲ, ಕೈಯಲ್ಲೇ ಹಿಡಿದು ತೆಗೆದೆ. ಮುರಿದ ಅಂಚು, ಮೂಲೆಯ ಎಂಜಲ ಕಲೆ, ಗೋಡೆಯ ಮೇಲಿನ "ಸ್ವಚ್ಛತೆ ಕಾಪಾಡಿ", ಸತ್ತ ಬಲ್ಬಿನೊಳಗಿನ ಕಡಿದ ತಂತಿ, ಎಲ್ಲ ಹಗಲಿನಷ್ಟು ನಿಚ್ಚಳ. ಯುದ್ಧ ಗೆದ್ದವಳ ಹಾಗೆ ಹೋಗಿ ಗುಮಾಸ್ತನ ಮುಂದಿಟ್ಟೆ. ಅವನು ಕನ್ನಡಕ ಏರಿಸಿ ನೋಡಿ, ಎದುರಿನ ಮೇಜಿನವನಿಗೂ ತೋರಿಸಿ, "ಅಮ್ಮಾ, ಇಷ್ಟು ಚೆನ್ನಾಗಿ ಬೆಳಕಿದೆಯಲ್ಲ, ಮತ್ತೆ ಬಲ್ಬ್ ಯಾಕೆ?" ಎಂದ.

ನಾನು ಕುರ್ಚಿ ಎಳೆದುಕೊಂಡು ಅಲ್ಲೇ ಕೂತೆ. ಸಂಜೆಯೊಳಗೆ ಬಲ್ಬು ಬಂತು.

ಈಗ, ಇದು ಫೋನಾಗಿದ್ದರೆ ನೀನು ಇಟ್ಟುಬಿಡುವ ಜಾಗಕ್ಕೆ ಬಂದೆ. ಮಡಿಸಬೇಡ, ಓದು.

ಮಾರುಕಟ್ಟೆ ಮತ್ತೆ ತೆರೆಯುತ್ತಿದೆ. ಪೂರ್ತಿಯಲ್ಲ, ನ್ಯಾಯಾಲಯ ಉಳಿಸಿಕೊಟ್ಟ ಅರ್ಧ. ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಬಾಗಿಲು ತೆಗೆಯುತ್ತಾರೆ. ಐದು ವರ್ಷದ ಹಿಂದೆ ಅದನ್ನು ಕೆಡವಲು ಯಂತ್ರಗಳು ಬಂದಾಗ ನೂಕುನುಗ್ಗಲಲ್ಲಿ ಬಿದ್ದಿದ್ದನಲ್ಲ ಬೀಗದಂಗಡಿಯವನು, ಅವನೀಗ ಬೆನ್ನು ಬಾಗಿ ಇನ್ನಷ್ಟು ಗಿಡ್ಡವಾಗಿದ್ದಾನೆ, ಬಾಯಿ ಮಾತ್ರ ಹಾಗೇ ಇದೆ. ಹೊಸ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೋಗಿ, ಅಂಗಡಿಯವರೆಲ್ಲ ಒಟ್ಟಿಗೆ ನಿಂತ ಫೋಟೋ ನಾನೇ ತೆಗೆಯುತ್ತೇನೆ ಎಂದೆ.

"ನೀವಾ? ಬೇಡಕ್ಕಾ" ಎಂದ, ಮುಖಕ್ಕೆ ಹೊಡೆದ ಹಾಗೆ. "ನಿಮ್ಮ ಮಗಳು ಬರ್ಲಿ."

"ಅವಳು ಫೋಟೋ ತೆಗೆಯೋದು ಬಿಟ್ಟಿದ್ದಾಳಪ್ಪ."

"ಗೊತ್ತು. ಹಂಗಾದ್ರೆ ಫೋಟೋನೇ ಬೇಡ ಬಿಡಿ. ನನ್ನ ಎತ್ತೋಕೆ ಬಗ್ಗಿ ಕಣ್ಣು ಕೊಟ್ಟೋಳು ಇಲ್ದೇ ನಾವೆಲ್ಲ ಹಲ್ಲು ಕಿರ್ಕೊಂಡು ನಿಂತ್ಕೊಳ್ಳೋದಾ?"

ಪಕ್ಕದ ತಕ್ಕಡಿ ಅಂಗಡಿಯವಳು, "ಅವಳಿಗೆ ಹೇಳಿ, ನಾವೇನೂ ಓಡಿ ಹೋಗಲ್ಲ, ನಿಧಾನಕ್ಕೇ ತೆಗೀಲಿ" ಎಂದಳು.

ಕ್ಯಾಮೆರಾ ಮುಖದ ಮೇಲಿದ್ದಿದ್ದರೆ ಗಾಜು ಹೋಗುತ್ತಿತ್ತು, ನಿನ್ನ ಬಲಗಣ್ಣು ಉಳಿಯುತ್ತಿತ್ತು. ಅವನನ್ನು ಎತ್ತಲೆಂದು ನೀನು ಅದನ್ನು ಇಳಿಸಿದೆ. ಅದಕ್ಕಾಗಿ ನಿನ್ನನ್ನು ಬೈಯುವ ತಾಯಿ ನಾನಲ್ಲ. ಬೈಯಬೇಕಾದವರನ್ನು ತಿಂಗಳಿಗೊಮ್ಮೆ ತಪ್ಪದೆ ಬೈಯುತ್ತಿದ್ದೇನೆ. ತನಿಖಾ ಸಮಿತಿಯ ಮೂರನೆಯ ಅಧ್ಯಕ್ಷರೂ ನಿವೃತ್ತರಾದರು. ಕಣ್ಣಿಗೆ ತಾಕಿದ್ದು ಈಗಲೂ "ಗುರುತಿಸಲಾಗದ ವಸ್ತು"ವೇ, ಬಂದದ್ದು "ಅನಿರ್ದಿಷ್ಟ ದಿಕ್ಕಿನಿಂದ"ಲೇ. ಆ ವರದಿಗೆ ಕೆಂಪು ಶಾಯಿಯಲ್ಲಿ ಕರಡು ತಿದ್ದಿ ವಾಪಸು ಕಳಿಸಿದ್ದೇನೆ. ಅವರು ಮರೆಯಲಿ ಎಂದು ಕಾಯುತ್ತಿದ್ದಾರೆ. ನಾನು ಮರೆಯುವ ಪೈಕಿ ಅಲ್ಲ.

ಅಂಗಡಿಯವಳಿಗೆ ನಿನ್ನ ವಿಷಯ ಹೇಳಿದೆ, ತಪ್ಪು ತಿಳಿಯಬೇಡ. "ನಾನು ಹುಟ್ಟಾ ಎಡಗಣ್ಣಿನೋಳೇ ಅಮ್ಮಾ. ನೂರಾರು ಮದುವೆ ಎಡಗಣ್ಣಲ್ಲೇ ಮುಗಿಸ್ದೆ. ಮೂಗು ಹಿಂದಿನ ಪರದೆಗೆ ಒತ್ತಿ ಒತ್ತಿ ಎಣ್ಣೆ ಕಲೆ ಆಗತ್ತೆ, ಒರೆಸ್ಕೊಂಡ್ರೆ ಆಯ್ತು" ಎಂದಳು. ಇದು ನಿನಗೆ ತಿಳಿಯದ್ದಲ್ಲ, ಬಲ್ಲೆ. ಆಸ್ಪತ್ರೆಯಿಂದ ಬಂದ ವಾರ ನೀನೇ ಹೇಳಿದ್ದೆ: "ಎಡಗಣ್ಣಲ್ಲಿ ತೆಗೀಬಹುದಮ್ಮಾ. ಆದ್ರೆ ಒಂದು ಕಣ್ಣು ಒಳಗಿದ್ದಾಗ ಇನ್ನೊಂದು ಹೊರಗೆ ಕಾವಲಿರ್ತಿತ್ತು. ಈಗ ಕ್ಯಾಮೆರಾ ಎತ್ತಿದ್ರೆ ಬಲಗಡೆ ಪೂರ್ತಿ ಕತ್ತಲೆ. ಯಾರು ಬರ್ತಿದ್ದಾರೆ, ಏನು ಬರ್ತಿದೆ, ಗೊತ್ತೇ ಆಗಲ್ಲ. ಭಯ ಆಗತ್ತೆ." ಅಂದು ಉತ್ತರ ತೋಚದೆ ನಿನ್ನ ತಲೆ ಬಾಚಿದ್ದೆ. ಇಷ್ಟು ವರ್ಷಕ್ಕೆ ತೋಚಿದೆ.

ನಿನ್ನ ಬಲಕ್ಕೆ ನಾನು ನಿಲ್ಲುತ್ತೇನೆ. ಡಾಕ್ಟರೇ ಹೇಳಿದ್ದಾರಲ್ಲ, ನನ್ನ ಕಣ್ಣಿಗೇನೂ ಆಗಿಲ್ಲ ಎಂದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಲ್ಲುತ್ತೇನೆ. ಸೈಕಲ್ಲು ಬಂದರೆ ಸೈಕಲ್ಲು ಎನ್ನುತ್ತೇನೆ, ನಾಯಿ ಬಂದರೆ ನಾಯಿ ಎನ್ನುತ್ತೇನೆ, ಅನಿರ್ದಿಷ್ಟ ದಿಕ್ಕಿನಿಂದ ಏನಾದರೂ ಬಂದರೆ ಮೊದಲು ನನ್ನನ್ನು ದಾಟಿ ಬರಬೇಕು. ಒಂದೇ ಫೋಟೋ ತೆಗಿ. ಆಮೇಲೂ ಬೇಡವೆನಿಸಿದರೆ ಕ್ಯಾಮೆರಾ ನನ್ನ ಕೈಗೆ ಕೊಡು, ಊರಿನಲ್ಲಿ ಸತ್ತ ಬಲ್ಬುಗಳು ಬೇಕಾದಷ್ಟಿವೆ.

ನಿಮ್ಮಪ್ಪನಿಗೆ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಕ್ಯಾಮೆರಾಕ್ಕೆ, ಕೊರಳಿಗೆ ಹಾಕಿಕೊಳ್ಳಲು, ಮೆತ್ತನೆಯ ಪಟ್ಟಿಯೊಂದನ್ನು ಹೊಲಿದುಕೊಡಿ ಎಂದಿದ್ದೆ ಅಷ್ಟೆ. ನೀಲಿ ಬಟ್ಟೆ, ಒಳಗೆ ಹತ್ತಿ, ಎರಡು ಸಾಲು ಹೊಲಿಗೆ. ಹಾಕಿಕೊಂಡರೆ ಕ್ಯಾಮೆರಾ ಹೊಟ್ಟೆಯಿಂದ ಕೆಳಗೆ ನೇತಾಡಿತು.

"ಏನ್ರೀ ಇದು, ಇಷ್ಟುದ್ದ? ಯಾರ ಅಳತೆ?"

ತಲೆ ಎತ್ತದೆ ದಾರ ಕಚ್ಚಿ ಕಡಿದು ಹೇಳಿದರು, "ಹಾಕ್ಕೋಬೇಕಾದವ್ರ ಅಳತೆ. ಸುಮ್ನಿರೇ."

ಇನ್ನು ನಿಲ್ಲಿಸುತ್ತೇನೆ, ಬೆಳಕು ಹೋಗುವ ಮೊದಲು ಎದುರು ಮನೆಯ ತಾರಸಿಯ ಪಾರಿವಾಳಗಳನ್ನು ಹಿಡಿಯಬೇಕು. ಹೊತ್ತಿಗೆ ಸರಿಯಾಗಿ ತಿನ್ನು. ಕತ್ತು ಬಗ್ಗಿಸಿ ಕೂರಬೇಡ. ಬೇರೆಯವರ ಚಿತ್ರಗಳಿಗೆ ಬರೆಯುವ ಅಡಿಬರಹಗಳನ್ನು ಪತ್ರಿಕೆಯಲ್ಲಿ ಹುಡುಕಿ ಓದುತ್ತೇನೆ, ಒಂದು ಅಕ್ಷರ ತಪ್ಪಿರುವುದಿಲ್ಲ. ನೂರು ವರ್ಷ ಚೆನ್ನಾಗಿ ಬಾಳು, ನಮ್ಮ ಪಾಲಿನ ಆಯುಸ್ಸೂ ನಿನಗಿರಲಿ.

ಇಂತು ನಿನ್ನ ಬಲಗಡೆಯವಳಾದ
ಅಮ್ಮ

ಮರೆತಿದ್ದೆ: ಅಂಗಡಿಯಿಂದ ಬಂದ ದಿನ ನಿನ್ನ ಹಳೆಯ ಕ್ಯಾಮೆರಾವನ್ನೂ ಕೈಗೆತ್ತಿಕೊಂಡು ನೋಡಿದೆ. ಅದರ ಕಿಂಡಿಯ ಪಕ್ಕದಲ್ಲೂ ಅದೇ ಪುಟ್ಟ ಚಕ್ರವಿದೆ. ನೀನು ಕನ್ನಡಕ ತೆಗೆದಿಟ್ಟು ಫೋಟೋ ತೆಗೆಯುತ್ತಿದ್ದವಳು. ನಿನ್ನ ಬಲಗಣ್ಣಿಗೆ ಹೊಂದಿಸಿ ಇಟ್ಟದ್ದು ಹಾಗೇ ಇದೆ. ಇಷ್ಟು ವರ್ಷ ನಾನು ಪೊರೆ ಎಂದು ಬೈದದ್ದು, ಕಂಪನಿಗೆ ದೂರು ಬರೆದದ್ದು ನಿನ್ನ ಕಣ್ಣಿನ ಅಳತೆಯನ್ನು. ಆ ಕಣ್ಣಿನದು ಈ ಲೋಕದಲ್ಲಿ ಉಳಿದಿರುವುದು ಅದೊಂದೇ. ಉಗುರಿನಿಂದ ಒಂದು ಸಲ ತಿರುಗಿಸಿದರೆ ನನಗೆ ನಿಚ್ಚಳವಾಗುತ್ತದೆ, ಕೈ ಬರಲಿಲ್ಲ. ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ. ಹೊಸದರ ಚಕ್ರವನ್ನು ನೀನು ಬಂದು ನಿನ್ನ ಎಡಗಣ್ಣಿಗೆ ತಿರುಗಿಸಿಕೊ. ನನಗೆ ಮಬ್ಬಾದರೆ ಆಗಲಿ. ನಿನ್ನ ಅಳತೆಯಲ್ಲಿ ನೋಡಿ ನನಗೆ ಅಭ್ಯಾಸವಿದೆ.